ಗುರುವಾರದ ಆರು ಹೂ

ತ್ಸೀಲ್ಯಾ ಮಾರ್ಕೊವ್ನಾ ಮೂವತ್ತೊಂದು ವರ್ಷ ಅನುಮಾನಪಡುವುದಕ್ಕೇ ಸಂಬಳ ತೆಗೆದುಕೊಂಡವಳು. ಗೋಮೆಲ್ ಊರಿನ ಬೂಟಿನ ಕಾರ್ಖಾನೆ, ತಪಾಸಣೆ ವಿಭಾಗ. ಬೂಟು ಮುಂದೆ ಬಂದರೆ ಮೊದಲು ಅಟ್ಟೆ ಬಗ್ಗಿಸಬೇಕು, ಆಮೇಲೆ ಹೊಲಿಗೆ ಜಗ್ಗಬೇಕು, ಕೊನೆಗೆ ಒಳಗೆ ಕೈ ಹಾಕಿ ಎಲ್ಲಾದರೂ ಮೊಳೆಯ ಮೊನೆ ತಾಕುತ್ತದೆಯೋ ನೋಡಬೇಕು. ಮೊದಲನೇ ದರ್ಜೆಯ ಮುದ್ರೆ ಬಿದ್ದದ್ದು ಮಾಸ್ಕೋಗೆ, ಎರಡನೇದು ಊರಿನ ಅಂಗಡಿಗೆ, ಮೂರನೇದು ಒಲೆಗೆ. ಹೊರಗಿನಿಂದ ಥಳಥಳ ಹೊಳೆಯುವ ಬೂಟು ಕಂಡರೆ ಅವಳು ಎರಡು ಸಲ ಕೈ ಹಾಕುತ್ತಿದ್ದಳು. ಪಾಲಿಶ್ ಜಾಸ್ತಿಯಾದಲ್ಲಿ ಪೊಳ್ಳು ಜಾಸ್ತಿ ಎಂಬುದು ಅವಳ ವೃತ್ತಿಧರ್ಮ. ಬೇರೆ ಧರ್ಮ ಅವಳಿಗೆ ಅಷ್ಟಾಗಿ ಗೊತ್ತಿರಲಿಲ್ಲ. ಹುಟ್ಟಿನಿಂದ ಯೆಹೂದಿ, ಆದರೆ ಆ ದೇಶದಲ್ಲಿ ಅದು ಪಾಸ್‌ಪೋರ್ಟಿನ ಜನಾಂಗ ಬರೆಯುವ ಐದನೇ ಸಾಲಿನಲ್ಲಿತ್ತೇ ಹೊರತು ಮನೆಯ ಅಟ್ಟದ ಮೇಲಿನ ಒಂದು ಪುಸ್ತಕದಲ್ಲೂ ಇರಲಿಲ್ಲ.

ಎಪ್ಪತ್ತಮೂರನೇ ವಯಸ್ಸಿಗೆ ಗಂಡ ಯೆಫೀಮ್‌ನ ಜೊತೆ ಅಮೆರಿಕದ ಬ್ರೂಕ್ಲಿನ್‌ನ ಬ್ರೈಟನ್ ಬೀಚಿಗೆ ಬಂದಿಳಿದಳು. ಮುದುಕರಿಗೆಂದೇ ಸರ್ಕಾರ ಕಟ್ಟಿಸಿದ ಕಟ್ಟಡ, ನಾಲ್ಕನೇ ಮಹಡಿ. ಕಿಟಕಿಯ ಎತ್ತರಕ್ಕೇ ರೈಲು. ಎರಡನೇ ವರ್ಷ ಯೆಫೀಮ್ ಸಮುದ್ರ ನೋಡುತ್ತಾ ಬೆಂಚಿನ ಮೇಲೆ ಕೂತವನು ಏಳಲಿಲ್ಲ. ಆಮೇಲೆ ಅವಳಿಗೆ ಉಳಿದದ್ದು ಎರಡು: ರೈಲಿನ ಸದ್ದು, ಎದುರು ಬಾಗಿಲಿನ ಒಡೆಸ್ಸಾದ ಗೇನ್ಯಾಳ ಸದ್ದು. ರೈಲಾದರೂ ನಡುನಡುವೆ ನಿಲ್ಲುತ್ತಿತ್ತು.

ಒಂದು ದಿನ ರೈಲು ನಿಲ್ದಾಣದ ಮೆಟ್ಟಿಲಲ್ಲಿ ತ್ಸೀಲ್ಯಾಳ ಬೂಟಿನ ಹಿಮ್ಮಡಿ ಕಳಚಿ ಕೆಳಗೆ ಉರುಳಿಹೋಯಿತು. ಅಮೆರಿಕದ ಬೂಟು, ಯಾವ ತ್ಸೀಲ್ಯಾಳೂ ಜಗ್ಗಿ ನೋಡದೆ ಅಂಗಡಿಗೆ ಬಂದದ್ದು. ಕಂಬಿ ಹಿಡಿದು ನಿಂತಿದ್ದಾಗ, ಅರವತ್ತು ದಾಟಿದ, ಗಳದಂಥ ಹೆಂಗಸೊಬ್ಬಳು ಮೆಟ್ಟಿಲ ಮೇಲೆ ಕೂತು ತನ್ನ ಕ್ಯಾನ್ವಾಸ್ ಬೂಟಿನ ದಾರ ಬಿಚ್ಚತೊಡಗಿದಳು. ಬಿಚ್ಚಿ ಇವಳ ಮುಂದಿಟ್ಟು, ರಷ್ಯನ್ ಭಾಷೆಯಲ್ಲಿ ಹೀಗೆಂದಳು: “ಎಲೈ ಸ್ತ್ರೀಯೇ, ಭಯಪಡಬೇಡ. ಇಗೋ, ನನ್ನ ಪಾದರಕ್ಷೆಗಳನ್ನು ತೊಟ್ಟುಕೋ.”

ಅವಳ ಹೆಸರು ರಾಗ್ನಾ. ಹೆಸರಲ್ಲಿ ರಾಗವಿದ್ದರೂ ಮಾತಿಗೆ ಇದ್ದದ್ದು ಒಂದೇ ಧಾಟಿ, ಪ್ರವಾದಿಗಳದ್ದು. ಬೇ ರಿಡ್ಜ್ ಬಡಾವಣೆಯ ನಾರ್ವೆಯವರ ಪೈಕಿ, ನಿವೃತ್ತ ನರ್ಸ್. ಯಾವತ್ತಾದರೂ ಕೆಲಸಕ್ಕೆ ಬಂದೀತೆಂದು ಚಿಕ್ಕಂದಿನಲ್ಲೇ ರಷ್ಯನ್ನಿನ ಹಳೆಯ ಪವಿತ್ರ ಗ್ರಂಥವನ್ನು ತನ್ನ ಭಾಷೆಯದರ ಪಕ್ಕದಲ್ಲಿಟ್ಟುಕೊಂಡು ಆ ಭಾಷೆ ಕಲಿತಿದ್ದಳು. ಹಾಗಾಗಿ ಕುರಿ, ಕುಷ್ಠ, ಕರ್ತನ ದಿನ ಎಲ್ಲಕ್ಕೂ ಪದವಿತ್ತು, ಬಸ್ ಸ್ಟಾಪಿಗೆ ಮಾತ್ರ ಇರಲಿಲ್ಲ. ಎಲ್ಲರನ್ನೂ “ನೀನು” ಎನ್ನುತ್ತಿದ್ದಳು. ತ್ಸೀಲ್ಯಾಳನ್ನು ಹಾಗೆ ಕರೆದಿದ್ದವರು ಗಂಡ, ಗೆಳತಿಯರನ್ನು ಬಿಟ್ಟರೆ ಅವಳ ಅಮ್ಮ ಮತ್ತು ಪೊಲೀಸಿನವರು. ಬರೀ ಕಾಲುಚೀಲದಲ್ಲಿ ಬ್ರೈಟನ್ ಬೀಚ್ ಅವೆನ್ಯೂ ದಾಟಿ ರಾಗ್ನಾ ಇವಳನ್ನು ಮನೆ ಬಾಗಿಲವರೆಗೆ ಬಿಟ್ಟುಹೋದಳು.

“ಬೂಟು ಬಿಚ್ಚಿ ಕೊಟ್ಟಳಾ?” ಗೇನ್ಯಾ ಕಣ್ಣರಳಿಸಿದಳು. “ಹಾಗಾದ್ರೆ ಕಣ್ಣು ಮನೆ ಮೇಲೇನೇ ಕಣೇ. ಬಿಟ್ಟಿ ಚೀಸು ಇಲಿಬೋನಲ್ಲಿ ಮಾತ್ರ ಸಿಗೋದು.”

“ಮನೆ ನಂದಲ್ಲ, ಸರ್ಕಾರದ್ದು.”

“ಹಾಗಾದ್ರೆ ಗೂಢಚಾರಿಣಿ. ಇಲ್ಲ ಮತ ಬದಲಿಸೋ ಬ್ಯಾಪ್ಟಿಸ್ಟು. ನಮ್ಮ ಕಾಲದಲ್ಲಿ ಇಬ್ಬರ ಫೈಲೂ ಒಂದೇ ಬೀರುವಲ್ಲಿ ಇಡ್ತಿದ್ರು.”

ಆ ಸಂಜೆ ತ್ಸೀಲ್ಯಾ ಕ್ಯಾನ್ವಾಸ್ ಬೂಟನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಅಟ್ಟೆ ಬಗ್ಗಿಸಿದಳು, ಹೊಲಿಗೆ ಜಗ್ಗಿದಳು, ಒಳಗೆ ಕೈ ಹಾಕಿದಳು. ಹಿಮ್ಮಡಿಯ ಹೊರ ಅಂಚು ಸವೆದಿತ್ತು, ಬಹಳ ನಡೆಯುವವರ ಸವೆತ. ಬೂಟಿನಲ್ಲಿ ಮೋಸವಿರಲಿಲ್ಲ. ಬೂಟಿನವಳದ್ದು ಗೊತ್ತಾಗಲಿಲ್ಲ.

ಗುರುವಾರ ಮೂರು ಗಂಟೆಗೆ ರಾಗ್ನಾ ಬೂಟು ಕೇಳಿಕೊಂಡು ಬಂದಳು, ಕೈಯಲ್ಲಿ ಬಿಳಿ ಕಾರ್ನೇಶನ್ ಹೂ. ಎದುರು ಬಾಗಿಲ ಸಂದಿಯಿಂದ ಗೇನ್ಯಾ ಎಣಿಸಿದಳು. ಆರು.

ಗೋಮೆಲ್ ಆಗಲಿ, ಒಡೆಸ್ಸಾ ಆಗಲಿ, ಬದುಕಿರುವವರಿಗೆ ಹೂ ಕೊಟ್ಟರೆ ಮೂರು, ಐದು, ಏಳು. ಎರಡು, ನಾಲ್ಕು, ಆರು ಹೆಣಕ್ಕೆ.

“ನೋಡಿದ್ಯಾ? ಕಳಿಸಿಕೊಡೋಕೇ ಬಂದಿದಾಳೆ,” ಎಂದಳು ಗೇನ್ಯಾ, ರಾಗ್ನಾ ಹೋದ ಮೇಲೆ. ತ್ಸೀಲ್ಯಾ ಒಂದು ಹೂ ತೆಗೆದು ಗೇನ್ಯಾಳ ಕೈಗಿಟ್ಟಳು. ಐದು ಉಳಿದವು.

ಅಲ್ಲಿಂದ ಎರಡು ವರ್ಷ, ಪ್ರತಿ ಗುರುವಾರ ಮೂರಕ್ಕೆ ರಾಗ್ನಾ, ಆರು ಹೂ. ಒಂದು ಗೇನ್ಯಾಗೆ. ಗಾಜಿನ ಲೋಟದಲ್ಲಿ ಚಹಾ, ಚೆರ್ರಿ ಮುರಬ್ಬ. ರಾಗ್ನಾ ಇವಳಿಗೆ ಇಂಗ್ಲಿಷ್ ಕಲಿಸಿದಳು, ಇವಳು ರಾಗ್ನಾಗೆ ಬಸ್ ಸ್ಟಾಪ್ ಎನ್ನುವುದನ್ನು ಕಲಿಸಿದಳು. ಆಸ್ಪತ್ರೆಗೆ ರಾಗ್ನಾ, ಕಣ್ಣಿನ ಪೊರೆ ತೆಗೆಸುವಾಗ ರಾಗ್ನಾ, ಯೆಫೀಮ್‌ನ ಸಮಾಧಿಗೆ ಕಲ್ಲು ಆರಿಸುವಾಗಲೂ ರಾಗ್ನಾ.

ಆರು ತಿಂಗಳಾದ ಮೇಲೆ ಚೀಲದಿಂದ ಪುಟ್ಟ ಕಪ್ಪು ಪುಸ್ತಕ ಹೊರಬಂತು. “ಆಗಲಿ, ಕೊನೆಗೂ ಬಂತು,” ಎಂದು ತ್ಸೀಲ್ಯಾಗೆ ಒಂಥರಾ ನಿರಾಳವೇ ಆಯಿತು. ಕಾಯಿಲೆಗೆ ಹೆಸರು ಸಿಕ್ಕ ಹಾಗೆ. ರಾಗ್ನಾ ಒತ್ತಾಯ ಮಾಡಲಿಲ್ಲ. ನೂರು ಕುರಿಗಳಲ್ಲಿ ಒಂದು ತಪ್ಪಿಸಿಕೊಂಡದ್ದು, ಕುರುಬ ತೊಂಬತ್ತೊಂಬತ್ತನ್ನು ಬಿಟ್ಟು ಅದನ್ನೇ ಹುಡುಕಿಕೊಂಡು ಹೋದದ್ದು, ಹೆಗಲ ಮೇಲೆ ಹೊತ್ತು ತಂದದ್ದು, ಇಷ್ಟು ಹೇಳಿದಳು. ಹೇಳುವಾಗ ಅವಳ ಕಣ್ಣು ತುಂಬಿತ್ತು.

“ತೊಂಬತ್ತೊಂಬತ್ತನ್ನ ಯಾರಿಗೆ ವಹಿಸಿ ಹೋದ?” ತ್ಸೀಲ್ಯಾ ಕೇಳಿದಳು.

“ಅದು ಬರೆದಿಲ್ಲ.”

“ನಮ್ಮ ಕಾರ್ಖಾನೆಯಲ್ಲಾಗಿದ್ರೆ ಅವನ ಕೆಲಸ ಹೋಗ್ತಿತ್ತು.”

ರಾಗ್ನಾ ನಕ್ಕಳು. ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ತ್ಸೀಲ್ಯಾಗೆ ಹಿಡಿಸಿದ್ದು ಆ ನಗು, ಅನುಮಾನ ಬಂದದ್ದೂ ಅದರ ಮೇಲೇ. ಚೆನ್ನಾಗಿ ಹೊಲಿದದ್ದನ್ನು ಕಂಡರೆ ಜಗ್ಗದೆ ಇರಲಾಗದ ಕೈ ಅದು.

ಆ ಕೈಗೆ ಆ ಚಟ ಕಾರ್ಖಾನೆಯಿಂದ ಬಂದದ್ದೂ ಅಲ್ಲ. ಗೋಮೆಲ್‌ನಲ್ಲಿ ಅವಳ ಅಮ್ಮನಿಗೆ ಪೆಲಗೇಯಾ ಎಂಬ ಪಕ್ಕದ ಮನೆಯ ಕ್ರೈಸ್ತ ಹೆಂಗಸಿದ್ದಳು. ವಸಂತದ ಹಬ್ಬಕ್ಕೆ ದೋಸೆಯಂಥ ಬಿಸಿಬಿಸಿ ರೊಟ್ಟಿ ತಟ್ಟೆ ತುಂಬ ತರುತ್ತಿದ್ದಳು, ತಟ್ಟೆಯನ್ನು ಅಮ್ಮ ಖಾಲಿ ವಾಪಸು ಕೊಟ್ಟದ್ದೇ ಇಲ್ಲ. ನಲವತ್ತೊಂದರಲ್ಲಿ ಜರ್ಮನರು ಬಂದಾಗ ತ್ಸೀಲ್ಯಾಳನ್ನು ಕಾರ್ಖಾನೆ ಪೂರ್ವಕ್ಕೆ ಕರೆದೊಯ್ದಿತ್ತು, ಅಮ್ಮ ಉಳಿದಿದ್ದಳು. ಮೂರು ವರ್ಷದ ಮೇಲೆ ಹಿಂದಿರುಗಿದಾಗ ಅಮ್ಮ ಇರಲಿಲ್ಲ. ಅಮ್ಮನ ಹಿತ್ತಾಳೆ ಕುಟ್ಟಾಣಿ ಪೆಲಗೇಯಾಳ ಕಿಟಕಿಯಲ್ಲಿತ್ತು. “ನಿಮ್ಮಮ್ಮನೇ ಕೊಟ್ಟು ಹೋದ್ಳು ಮಗಳೇ,” ಎಂದಿದ್ದಳು ಪೆಲಗೇಯಾ. ನಿಜವಿದ್ದೀತು. ಇಲ್ಲದೆಯೂ ಇದ್ದೀತು. ಐವತ್ತೆರಡು ವರ್ಷದಿಂದ ತ್ಸೀಲ್ಯಾ ಆ ಮಾತಿನೊಳಗೆ ಕೈ ಹಾಕಿ ಮೊಳೆ ಹುಡುಕುತ್ತಲೇ ಇದ್ದಾಳೆ.

ತೊಂಬತ್ತಾರರ ಶರತ್ಕಾಲದಲ್ಲಿ ರಾಗ್ನಾ ತನ್ನ ಚರ್ಚಿನ ಊಟಕ್ಕೆ ಕರೆದಳು. ಮೀನಿನ ಸಾರು ಚೆನ್ನಾಗಿತ್ತು, ಉಪ್ಪು ಕಡಿಮೆ. ಹೊರಡುವಾಗ ಕೋಟು ತೆಗೆದುಕೊಳ್ಳಲು ಹೋದ ತ್ಸೀಲ್ಯಾ, ಗೂಟದ ಪಕ್ಕದ ಹಲಗೆಯ ಮೇಲಿನ ಕಾಗದವನ್ನು ರಾಗ್ನಾ ಕಲಿಸಿದ ಇಂಗ್ಲಿಷಿನಲ್ಲೇ ಅಕ್ಷರ ಅಕ್ಷರ ಕೂಡಿಸಿ ಓದಿದಳು. ಈ ವಾರದ ಪ್ರಾರ್ಥನೆಗಳು. ಒಂದು, ಹಾಲ್ವರ್ಸನ್‌ರ ಮೊಣಕಾಲು. ಎರಡು, ಸೋರುವ ಚಾವಣಿ. ಮೂರು, ರಾಗ್ನಾಳ ಗೆಳತಿ ತ್ಸೀಲ್ಯಾ ಕರ್ತನನ್ನು ಅರಿಯಲೆಂದು.

ಮೊಣಕಾಲು, ಚಾವಣಿ, ತಾನು. ನಗಬಹುದಿತ್ತು. ಆದರೆ ಅಮ್ಮನ ಹೆಸರನ್ನು ಕೊನೆಯ ಸಲ ಬರೆದದ್ದೂ ಜರ್ಮನರ ಒಂದು ಪಟ್ಟಿಯಲ್ಲೇ. ತ್ಸೀಲ್ಯಾ ಕೋಟಿನ ಗುಂಡಿಗಳನ್ನು ತಪ್ಪಾಗಿ ಹಾಕಿಕೊಂಡು ಮನೆಗೆ ಬಂದಳು.

ಗುರುವಾರ ಚಹಾ ಸುರಿಯುವ ಮೊದಲೇ ಕೇಳಿದಳು. “ಆ ಕಾಗದದಲ್ಲಿ ನನ್ನ ಹೆಸರು ಯಾಕಿದೆ?”

“ನಾನು ಬರೆಯಿಸಿದೆನು.”

“ಯಾರನ್ನ ಕೇಳಿ?”

ರಾಗ್ನಾ ಲೋಟವನ್ನೇ ನೋಡಿದಳು. “ಯಾರನ್ನೂ ಕೇಳಲಿಲ್ಲ.”

“ಬೂಟು ಬಿಚ್ಚಿಕೊಟ್ರಲ್ಲ, ಅದೂ ಇದಕ್ಕೇನಾ?”

“ಆಗ ನಿನ್ನ ಹೆಸರೇ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ಬರೆಯಿಸಿದೆನು. ನನ್ನ ಬಳಿ ಇರುವದರಲ್ಲಿ ಒಳ್ಳೆಯದು ಅದೊಂದೇ. ನನಗೆ ಬೇಕಾದವಳಿಗೆ ಅದನ್ನು ಕೊಡಲು ಆಶಿಸದೆ ಹೇಗಿರಲಿ?”

“ನಂಗೆ ಬೇಡ ಅಂದ್ರೆ?”

“ದುಃಖಪಡುವೆನು.”

“ಪಡಿ. ಬೇಡ. ಇವತ್ತೂ ಬೇಡ, ನಾಳೆಯೂ ಬೇಡ. ಯೆಹೂದಿ ಅಂತ ಐದನೇ ಸಾಲಲ್ಲಿ ಬರೆದಿದ್ದಕ್ಕೆ ನಂಗೆ ಕಾಲೇಜು ಸಿಗ್ಲಿಲ್ಲ, ಬಡ್ತಿ ಸಿಗ್ಲಿಲ್ಲ, ಅಮ್ಮ ಉಳೀಲಿಲ್ಲ. ಒಂದು ಪ್ರಾರ್ಥನೇನೂ ನಂಗೆ ಬರಲ್ಲ. ಆದ್ರೂ ಇಷ್ಟು ತೆತ್ತು ಇಟ್ಕೊಂಡಿದ್ದನ್ನ ಮುರಬ್ಬದ ಜೊತೆ ಬಿಟ್ಟುಕೊಡೋಳಲ್ಲ ನಾನು. ಹೆಸರು ತೆಗೆಸಿ.”

ಮುಂದಿನ ಗುರುವಾರ ಬರುತ್ತೀರಾ ಎಂದು ಮಾತ್ರ ಅವಳು ಕೇಳಲಿಲ್ಲ. ಕೇಳಿಸಿಕೊಂಡು ಬರುವುದಕ್ಕೂ ತಾನಾಗಿ ಬರುವುದಕ್ಕೂ ಬಹಳ ಅಂತರ. ರಾಗ್ನಾ ಚಹಾ ಮುಗಿಸಿ, ಲೋಟ ತೊಳೆದಿಟ್ಟು, ತಲೆ ಬಾಗಿಸಿ ಹೊರಟುಹೋದಳು.

ಆ ವಾರ ತ್ಸೀಲ್ಯಾಗೆ ಉಪ್ಪಿಗೆ ಹಾಕಿದ ಹೆರಿಂಗ್ ಮೀನೂ ಸಪ್ಪೆ. ಅವಳು ಹೊಲಿಗೆಯನ್ನು ಪೂರ್ತಿ ಬಲದಿಂದ ಜಗ್ಗಿಬಿಟ್ಟಿದ್ದಳು. ಗುರುವಾರ ರಾಗ್ನಾ ಬಂದರೆ ಅದು ಗೆಳೆತನ. ಬರದಿದ್ದರೆ ಎರಡು ವರ್ಷ ಕುಡಿದದ್ದು ಚಹಾ ಅಲ್ಲ, ಗಾಳ.

“ಬರಲ್ಲ ಬಿಡು,” ಎಂದಳು ಗೇನ್ಯಾ. “ಸಿಗದ ಮೀನಿಗೆ ಯಾರು ದಿನಾ ಎರೆಹುಳ ಹಾಕ್ತಾರೆ?”

ಗುರುವಾರ ಮೂರಾಯಿತು. ಮೂರೂಕಾಲು. ಕಿಟಕಿಯ ಮುಂದೆ ರೈಲು ಬಂತು, ಹೋಯಿತು, ಇನ್ನೊಂದು ಬಂತು. ಮೂರೂವರೆಗೆ ಗೇನ್ಯಾ ಎದುರು ಬಾಗಿಲಲ್ಲಿ ನಿಂತು, ಎಂದೂ ಇಲ್ಲದ ಹಾಗೆ, ಏನೂ ಹೇಳದೆ ಒಳಗೆ ಹೋದಳು. ಅದೇ ಎಲ್ಲಕ್ಕಿಂತ ಕೆಟ್ಟದಾಗಿತ್ತು. ತ್ಸೀಲ್ಯಾ ಎರಡು ಲೋಟಗಳಲ್ಲಿ ಒಂದನ್ನು ತೆಗೆದು ಕಪಾಟಿನೊಳಗಿಟ್ಟಳು.

ನಾಲ್ಕಕ್ಕೆ ಬಾಗಿಲ ಗಂಟೆ ಸದ್ದಾಯಿತು.

“ರೈಲು ನಿಂತಿತ್ತು ಅಂತ ಹೇಳ್ಬೇಡಿ,” ಎಂದಳು ತ್ಸೀಲ್ಯಾ. “ಹನ್ನೊಂದು ರೈಲು ಎಣಿಸಿದೀನಿ.”

“ಮೂರು ಗಂಟೆಗೇ ಬಂದೆನು,” ಎಂದಳು ರಾಗ್ನಾ. ಮೂಗು ಚಳಿಗೆ ಕೆಂಪಾಗಿತ್ತು. “ಕೆಳಗೆ ಬೆಂಚಿನ ಮೇಲೆ ಕುಳಿತಿದ್ದೆನು. ನೀನು ಬಾಗಿಲು ತೆರೆಯುವಿಯೋ ಇಲ್ಲವೋ ಎಂದು ಭಯವಾಯಿತು. ಕಾಗದದಿಂದ ಹೆಸರು ತೆಗೆಸಿದೆನು. ನನ್ನ ಬಾಯಿಂದ ತೆಗೆಯಲಾರೆನು. ಈಗಲೇ ಹೇಳಿಬಿಟ್ಟೆನು, ಆಮೇಲೆ ನನ್ನನ್ನು ಸುಳ್ಳುಗಾರ್ತಿ ಎನ್ನಬೇಡ.”

ಇವಳೂ ಭಯಪಡುತ್ತಾಳೆ ಎಂಬುದು ತ್ಸೀಲ್ಯಾಗೆ ಎರಡು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ. ಕೋಟಿನೊಳಗಿಂದ ಹೂ ಹೊರಬಂದವು, ಬಿಳಿ ಕಾರ್ನೇಶನ್. ಅವಳು ಎಣಿಸಿದಳು. ಆರು. ಯಾರಾದರೂ ಹೇಳಿಕೊಟ್ಟು ಕಳಿಸಿದ್ದರೆ ಇಷ್ಟು ಹೊತ್ತಿಗೆ ಇದನ್ನೂ ತಿದ್ದಿ ಕಳಿಸಿರುತ್ತಿದ್ದರು.

“ಕೂತ್ಕೋ,” ಎಂದಳು. “ನಿನಗೊಂದು ಹೇಳ್ಬೇಕು. ನಮ್ಮಲ್ಲಿ ಆರು ಹೂ ಕೊಡೋದು ಸತ್ತವರಿಗೆ.”

ರಾಗ್ನಾ ಕೂರಲಿಲ್ಲ. “ಎರಡು ವರುಷವೂ?”

“ಎರಡು ವರ್ಷಾನೂ. ನೂರು ಗುರುವಾರ ನನ್ನ ಕಳಿಸಿಕೊಟ್ಟೆ, ನಾನು ಹೋಗ್ಲಿಲ್ಲ. ಮೇಲಿನವನ ಹತ್ರ ನಿನ್ನ ಮಾತು ಅಷ್ಟಾಗಿ ನಡೆಯಲ್ಲ ಅಂತ ಆಗಲೇ ಅಂದ್ಕೊಂಡೆ.” ಕಪಾಟಿನಿಂದ ಎರಡನೇ ಲೋಟ ಹೊರಗೆ ಬಂತು.

ರಾಗ್ನಾ ಕುರ್ಚಿಯಲ್ಲಿ ಕುಸಿದು ಮುಖ ಮುಚ್ಚಿಕೊಂಡಳು. ಹೆಗಲು ಕುಲುಕುತ್ತಿತ್ತು. ಅಳುವೋ ನಗುವೋ ತಿಳಿಯಲು ತ್ಸೀಲ್ಯಾ ಕೈಗಳನ್ನು ಬಿಡಿಸಿ ನೋಡಿದಳು. ಎರಡೂ ಇತ್ತು.

“ಎಷ್ಟನೇ ದರ್ಜೆ ಕೊಟ್ಟೆ?” ಸಂಜೆ ಗೇನ್ಯಾ ತನ್ನ ಹೂ ತೆಗೆದುಕೊಳ್ಳಲು ಬಂದು ಕೇಳಿದಳು.

“ಎರಡು.”

“ಇಷ್ಟಾದ ಮೇಲೂ?”

“ಇನ್ನೂ ನನಗೋಸ್ಕರ ಪ್ರಾರ್ಥನೆ ಮಾಡ್ತಾಳಲ್ಲ, ಅಲ್ಲೊಂದು ಮೊಳೆ ಇದೆ. ಮೊದಲನೇ ದರ್ಜೆ ಮಾಸ್ಕೋಗೆ ಹೋಗೋದು ಗೇನ್ಯಾ. ನಾನು ಜೀವನವಿಡೀ ಹಾಕ್ಕೊಂಡು ನಡೆದಿದ್ದು ಎರಡನೇದನ್ನೇ.”

ಮುಂದಿನ ಗುರುವಾರ ಐದು ಹೂ ಬಂದವು. ತನ್ನ ಪಾಲು ತಪ್ಪಿತೆಂದು ಗೇನ್ಯಾ ಬಾಗಿಲನ್ನು ದಡಾರನೆ ಹಾಕಿಕೊಂಡಳು. “ಬೇಕಾದ್ರೆ ನೀನೂ ಒಬ್ಬಳನ್ನ ಹುಡುಕ್ಕೋ,” ಎಂದು ತ್ಸೀಲ್ಯಾ ಮುಚ್ಚಿದ ಬಾಗಿಲಿಗೆ ಹೇಳಿದಳು. ಹೂ ಎಣಿಸುವುದನ್ನು ಮಾತ್ರ ಅವಳು ಬಿಡಲಿಲ್ಲ.