ಲೆಂಪಿ ಅಜ್ಜಿಯ ಅಂಚು

ಪ್ಯಾಸ್ಟಿಯ ಮೇಲೆ ಗ್ರೇವಿ ಸುರಿದುಕೊಂಡು ತಿನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ದೊಡ್ಡ ಸೇತುವೆ ದಾಟಿ ದಕ್ಷಿಣದಿಂದ ನಮ್ಮ ಗಣಿ ಊರಿಗೆ ಬರುವ ಜನರ ಚಾಳಿ ಅದು. ದನದ ಮಾಂಸ, ಹಂದಿ ಮಾಂಸ, ಆಲೂಗಡ್ಡೆ, ಈರುಳ್ಳಿ, ರುಟಬಾಗ ಎಂಬ ಹಳದಿ ಗೆಡ್ಡೆ, ಎಲ್ಲವೂ ಹಿಟ್ಟಿನ ಹೊದಿಕೆಯೊಳಗೆ ತಮ್ಮ ರಸದಲ್ಲೇ ಬೆಂದಿರುವಾಗ ಮೇಲೆ ಇನ್ನೊಂದು ರಸ ಯಾಕೆ? ಬೇಕಿದ್ದರೆ ಕೆಚಪ್ ಹಾಕಿಕೊಳ್ಳಲಿ. ಚರ್ಚಿನ ನೆಲಮಾಳಿಗೆಯ ಮಾರಾಟದ ಕಿಟಕಿಯಲ್ಲಿ ನಿಂತು ಇದನ್ನೇ ಹೇಳಿ ಹೇಳಿ ಜಗಳವಾದ ಮೇಲೆ, ಟೌನೋ, ನೀನು ಒಲೆ ನೋಡ್ಕೋ ಮಾರಾಯ ಎಂದು ನನ್ನನ್ನು ಒಳಗಿನ ಒಲೆಯ ಕೋಣೆಗೆ ಹಾಕಿದರು. ಒಲೆಗೆ ಎಷ್ಟು ಬೈದರೂ ಅದು ಪಾದ್ರಿಯವರ ಹತ್ತಿರ ದೂರು ಹೇಳುವುದಿಲ್ಲ.

ಆದರೂ ಸಿಟ್ಟಿನ ವಿಷಯದಲ್ಲಿ ಲೆಂಪಿ ಅಜ್ಜಿಯ ಮುಂದೆ ನಾನು ಏನೇನೂ ಅಲ್ಲ.

ಲೆಂಪಿ ರುವೋಹೋನೆನ್ ಎಂಬತ್ತು ದಾಟಿದ ಹೆಂಗಸು, ಸಮುದ್ರ ದಾಟಿ ವಲಸೆ ಬಂದ ನಮ್ಮ ಫಿನ್ ಜನರವಳೇ. ಅಪ್ಪ ತಾಮ್ರದ ಗಣಿಗೆ ಇಳಿಯುತ್ತಿದ್ದವನು, ಗಂಡ ಏರೋ ಕಾಡಿನಲ್ಲಿ ಮರ ಕಡಿಯುತ್ತಿದ್ದವನು. ಇಬ್ಬರ ಡಬ್ಬಿಗೂ ಪ್ಯಾಸ್ಟಿ ಹಾಕಿ ಕಳಿಸಿದ ಕೈ ಅವಳದು. ಒಲೆಯ ಪಕ್ಕ ಸ್ಟೂಲಿನ ಮೇಲೆ ನಿಲ್ಲಿಸಿ ಅಮ್ಮ ಅವಳಿಗೆ ಪ್ಯಾಸ್ಟಿಯ ಬಾಯಿ ಮುಚ್ಚುವ ಅಂಚು ಹೆಣೆಯುವುದನ್ನು ಕಲಿಸಿದ್ದಳಂತೆ. ಅಕ್ಷರ ಕಲಿತದ್ದು ಅದಾದ ಮೇಲೆ. ಆಮೇಲೆ ಗಣಿ ಮುಚ್ಚಿತು, ಏರೋ ತೀರಿಕೊಂಡ. ಲೆಂಪಿ ಅಜ್ಜಿಗೆ ಉಳಿದದ್ದು ಗುರುವಾರ ಮಾತ್ರ.

ಗುರುವಾರ ನಮ್ಮ ಚರ್ಚಿನ ಹೆಂಗಸರು ಪ್ಯಾಸ್ಟಿ ಮಾಡಿ ಮಾರುತ್ತಾರೆ. ಒಬ್ಬರು ಹೆಚ್ಚುತ್ತಾರೆ, ಒಬ್ಬರು ಲಟ್ಟಿಸುತ್ತಾರೆ, ಒಬ್ಬರು ತುಂಬುತ್ತಾರೆ. ಕೊನೆಗೆ ಅಂಚು ಹೆಣೆಯುವವರ ಮೇಜು. ಆ ಮೇಜಿನಲ್ಲಿ ಜಾಗ ಕೇಳಿ ಪಡೆಯುವಂಥದ್ದಲ್ಲ. ಗೋಡೆ ಬದಿಯ ಕುರ್ಚಿ ಲೆಂಪಿ ಅಜ್ಜಿಯದು. ಅವಳು ಜ್ವರ ಬಂದು ಮಲಗಿದ ವಾರವೂ ಅದು ಖಾಲಿ ಇರುತ್ತಿತ್ತೇ ಹೊರತು ಯಾರೂ ಅದರ ಮೇಲೆ ಕೋಟು ಕೂಡ ಇಡುತ್ತಿರಲಿಲ್ಲ.

ಕರ್ಜಿಕಾಯಿ ಮಾಡಿದ ಕೈಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಬ್ಬರ ಮಡಿಕೆ ದಪ್ಪ, ಒಬ್ಬರದು ಚಪ್ಪಟೆ. ನಡಿಗೆ ನೋಡಿ ಆಳನ್ನು ಗುರುತಿಸುವ ಹಾಗೆ ಅಂಚು ನೋಡಿ ಕೈಯನ್ನು ಗುರುತಿಸಬಹುದು. ಲೆಂಪಿ ಅಜ್ಜಿಯದು ಸಣ್ಣ ಹುಡುಗಿಗೆ ಬಿಗಿಯಾಗಿ ಹಾಕಿದ ಜಡೆಯಂಥ ಅಂಚು. ಅದೇ ಮೇಜಿನ ಅಲ್ಮಾ ಟ್ರೆವಾರೋಳದು ಎಡಗೈ, ಹಾಗಾಗಿ ಅವಳ ಮಡಿಕೆಗಳೆಲ್ಲ ಉಲ್ಟಾ ಬದಿಗೆ ವಾಲುತ್ತವೆ.

ಈ ಅಲ್ಮಾ ಲೆಂಪಿ ಅಜ್ಜಿಯನ್ನು ಕೆಣಕಲೆಂದೇ ಹುಟ್ಟಿದಂತಿದ್ದಳು. ಕಾರ್ನಿಷ್ ಮನೆತನದವಳು, ಮದುವೆಯಾಗಿ ನಮ್ಮ ಚರ್ಚಿಗೆ ಸೇರಿದವಳು. ಪ್ಯಾಸ್ಟಿಯನ್ನು ಸಮುದ್ರದಾಚೆಯಿಂದ ಈ ಗಣಿಗಳಿಗೆ ತಂದದ್ದು ತನ್ನ ಮುತ್ತಜ್ಜನ ಕಡೆಯವರು ಎಂದು ವರ್ಷಕ್ಕೊಮ್ಮೆಯಾದರೂ ನೆನಪಿಸುತ್ತಿದ್ದಳು. ಅದು ನಿಜವೂ ಹೌದು. ನಮ್ಮವರು ಗಣಿಯೊಳಗೆ ಅವರ ಡಬ್ಬಿ ನೋಡಿಯೇ ಕಲಿತದ್ದು. ಆದರೆ ಲೆಂಪಿ ಅಜ್ಜಿ ಸುಮ್ಮನಿರುವವಳಲ್ಲ.

"ತಂದಿದ್ದು ನೀವು, ಒಪ್ಕೊಂಡೆ. ತಿನ್ನೋ ಹಾಗೆ ಮಾಡಿದ್ದು ನಾವು," ಎನ್ನುತ್ತಿದ್ದಳು. ಆಮೇಲೆ ಅಲ್ಮಾಳ ತಟ್ಟೆಯ ಕಡೆ ಗಲ್ಲ ತೋರಿಸಿ, "ಇದೇನೇ ಇದು, ಗಾಳಿಗೆ ಮಲಗಿದ ಬೇಲಿ ಇದ್ದಂಗಿದೆ?"

ಕಳೆದ ಚಳಿಗಾಲದಲ್ಲಿ ನನ್ನ ಒಲೆ ಹೊಗೆಯಾಡತೊಡಗಿತು. ಪ್ರತಿ ಗುರುವಾರ ಒಂದೆರಡು ತಟ್ಟೆಗಳಲ್ಲಿ ಪ್ಯಾಸ್ಟಿಗಳು ಬಾಯಿ ಬಿಡುತ್ತಿದ್ದವು. ರಸವೆಲ್ಲ ಹೊರಗೆ ಹರಿದು ತಟ್ಟೆಗೆ ಕರಕಲಾಗಿ ಅಂಟಿ, ಒಳಗಿನ ಮಾಂಸ ಒಣ ತೊಗಟೆಯಂತಾಗುತ್ತಿತ್ತು. ನಾನು ಒಲೆಗೆ ಬೈದೆ, ಒದ್ದೆ, ರಿಪೇರಿಯವನನ್ನು ಕರೆಸಿದೆ. ಒಲೆ ನನಗಿಂತ ಆರೋಗ್ಯವಾಗಿದೆ ಎಂದು ಹೇಳಿ ಅವನು ಹೋದ. ಆಮೇಲೆ, ಒಲೆಗೆ ಇಡುವ ಮೊದಲು ಅಂಚಿನ ಮೇಲೆ ಬೆರಳಾಡಿಸಿ ನೋಡಿದೆ. ಲೆಂಪಿ ಅಜ್ಜಿಯ ಜಡೆ ಸಡಿಲವಾಗಿತ್ತು. ಅವಳ ಕೈ ನಡುಗತೊಡಗಿತ್ತು.

ಅವಳಿಗೆ ಹೇಳುವವರು ಯಾರು? ಪಾದ್ರಿಯವರನ್ನು ಕೇಳಿದರೆ ಅದು ಹೆಂಗಸರ ವಿಭಾಗ ಎಂದರು. ಹೆಂಗಸರು ನನ್ನ ಮುಖ ನೋಡಿದರು. ಕೊನೆಗೆ ದಾರಿ ಹುಡುಕಿದವಳು, ಎಲ್ಲರನ್ನೂ ಬಿಟ್ಟು, ಅಲ್ಮಾ. ಲೆಂಪಿ ಅಜ್ಜಿಯ ತಟ್ಟೆ ಒಲೆಯ ಕೋಣೆಗೆ ಬಂದ ತಕ್ಷಣ ಅವಳೂ ಏನಾದರೊಂದು ನೆಪ ಹೇಳಿ ಒಳಗೆ ಬರುತ್ತಿದ್ದಳು. ಸಡಿಲ ಅಂಚನ್ನೆಲ್ಲ ಬಿಚ್ಚಿ ಮತ್ತೆ ಹೆಣೆಯುತ್ತಿದ್ದಳು. ಅದೂ ಬಲಗೈಯಲ್ಲಿ, ಮಡಿಕೆ ಲೆಂಪಿ ಅಜ್ಜಿಯದರ ಹಾಗೇ ವಾಲುವಂತೆ, ಕಾಪಿ ಬರೆಯುವ ಮಗುವಿನ ಹಾಗೆ ನಾಲಿಗೆ ಹೊರಚಾಚಿಕೊಂಡು. ಬಾಗಿಲಿಗೆ ಅಡ್ಡ ನಿಲ್ಲುವುದು ನನ್ನ ಕೆಲಸ. ನನ್ನ ಮೈಯ ಅಗಲ ದೇವರ ಕೆಲಸಕ್ಕೆ ಬಂದದ್ದು ಅದೇ ಮೊದಲು.

ಇಷ್ಟು ವರ್ಷ ಬೈಸಿಕೊಂಡವಳಿಗೆ ಈ ಉಸಾಬರಿ ಯಾಕೆ ಎಂದು ನಾನು ಒಮ್ಮೆ ಕೇಳಿದೆ.

"ಆ ಕುರ್ಚಿ ಬಿಟ್ರೆ ಅವರಿಗೆ ಇನ್ನೇನಿದೆ, ಟೌನೋ? ಅವರು ಮನೇಲಿ ಕೂತ್ಬಿಟ್ರೆ ನನಗೆ ಬೈಯೋರಾದ್ರೂ ಯಾರು?" ಎಂದಳು.

ಹೀಗೇ ಬೇಸಿಗೆ ಕಳೆಯಿತು. ಲೆಂಪಿ ಅಜ್ಜಿಯ ಜಂಬ ಮಾತ್ರ ಹೆಚ್ಚುತ್ತಾ ಹೋಯಿತು. ಬೆಂದು ಬಂದ ತಟ್ಟೆಯನ್ನು ಎಲ್ಲರಿಗೂ ತೋರಿಸಿ, ಈ ವರ್ಷ ತನ್ನ ಕೈ ಇನ್ನೂ ಚುರುಕಾಗಿದೆ, ಎಳೆಯರು ನೋಡಿ ಕಲಿಯಬೇಕು ಎನ್ನುತ್ತಿದ್ದಳು. ಎಳೆಯರು ಎಂದರೆ ಅರವತ್ತು ದಾಟಿದ ಅಲ್ಮಾ. ಅಲ್ಮಾ ತಲೆ ತಗ್ಗಿಸಿ ಹಲ್ಲು ಕಚ್ಚಿಕೊಂಡಿರುತ್ತಿದ್ದಳು.

ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾಗುವ ಹಿಂದಿನ ಗುರುವಾರ ನಮ್ಮಲ್ಲಿ ಉಸಿರಾಡಲೂ ಪುರಸೊತ್ತಿರುವುದಿಲ್ಲ. ಕಾಡಿಗೆ ಹೋಗುವವರೆಲ್ಲ ಚೀಲ ತುಂಬ ಒಯ್ಯುತ್ತಾರೆ. ಅವತ್ತು ಅವಸರದಲ್ಲಿ ಅಲ್ಮಾ ಲೆಂಪಿ ಅಜ್ಜಿಯ ಒಂದು ತಟ್ಟೆಯನ್ನು ಎಡಗೈಯಲ್ಲೇ ಹೆಣೆದುಬಿಟ್ಟಳು. ನಾನೂ ನೋಡದೆ ಒಲೆಗೆ ತಳ್ಳಿದೆ.

ತಟ್ಟೆ ಹೊರಬಂದಾಗ ಲೆಂಪಿ ಅಜ್ಜಿ ಎಂದಿನಂತೆ ತನ್ನ ಊಟಕ್ಕೆ ಒಂದನ್ನು ಆರಿಸಲು ಬಂದಳು. ಎತ್ತಿಕೊಂಡು ಅಂಚಿನ ಮೇಲೆ ಹೆಬ್ಬೆರಳು ಸವರಿದಳು. ಕೆಳಗಿಟ್ಟಳು. ಪಕ್ಕದ್ದನ್ನು ಎತ್ತಿದಳು, ಅದನ್ನೂ ಇಟ್ಟಳು. ಹಾಗೇ ತಟ್ಟೆಯ ಕೊನೆಯವರೆಗೂ ಹೋದಳು. ಆಮೇಲೆ ಅಲ್ಮಾಳ ಕಡೆ ನೋಡಿದಳು. ಅಲ್ಮಾ ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿದ್ದಳು. ಲೆಂಪಿ ಅಜ್ಜಿ ಏನನ್ನೂ ತೆಗೆದುಕೊಳ್ಳದೆ ಕೋಟು ಹಾಕಿಕೊಂಡು ಹೊರಟುಹೋದಳು.

ಅವಳು ಇನ್ನು ಬರುವುದಿಲ್ಲ ಎಂದು ಎಲ್ಲರಿಗೂ ಖಾತ್ರಿಯಾಯಿತು. ಹೆಂಗಸರು ತಪ್ಪನ್ನೆಲ್ಲ ನನ್ನ ತಲೆಗೆ ಕಟ್ಟಿದರು. ನಾನು ಕೂಗಾಡಿದೆ, ಅವರೂ ಕೂಗಾಡಿದರು. ಪಾದ್ರಿಯವರು ಬಂದು ಹವಾಮಾನದ ಬಗ್ಗೆ ಎರಡು ಮಾತಾಡಿ ಹೋದರು. ಸೋಮವಾರ ಮನಸ್ಸು ತಡೆಯದೆ ಸಲಿಕೆ ಹಿಡಿದು ಅವಳ ಮನೆಗೆ ಹೋದೆ. ಕಿಟಕಿ ತೆರೆಯಿತು.

"ಯಾಕೋ ಬಂದೆ?"

ಬಾಗಿಲ ಮುಂದಿನ ಹಿಮ ತೆಗೆಯಲು ಬಂದೆ ಎಂದೆ.

"ಯಾವ ಹಿಮ? ಬೆಳಿಗ್ಗೆನೇ ಪಕ್ಕದ ಮನೆಯವನು ತೆಗೆದು ಹೋದ. ನಾನು ಗುರುವಾರ ಬರ್ತೀನೋ ಇಲ್ವೋ ನೋಡ್ಕೊಂಡು ಬಾ ಅಂತ ಕಳಿಸಿದ್ರಾ?"

ನಾನು ಬರಿಯ ನೆಲವನ್ನೇ ಎರಡು ಸಲ ಕೆರೆದೆ. ಕಿಟಕಿ ಮುಚ್ಚಿತು.

ಗುರುವಾರ ನಾವು ಬಾಗಿಲು ತೆರೆಯುವ ಹೊತ್ತಿಗೆ ಅವಳು ಮೆಟ್ಟಿಲ ಮೇಲೆ ನಿಂತಿದ್ದಳು. ನೇರ ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಮೊದಲ ಪ್ಯಾಸ್ಟಿ ಅವಳ ಮುಂದೆ ಬಂತು. ಮಡಚಿದಳು, ಹೆಣೆಯಲು ಹೋದಳು. ಬೆರಳು ನಡುಗಿ ಮಡಿಕೆ ಜಾರಿತು. ಮತ್ತೆ ಹಿಡಿದಳು, ಮತ್ತೆ ಜಾರಿತು. ಆಮೇಲೆ ಕಾಲಿನಿಂದ ಪಕ್ಕದ ಸ್ಟೂಲನ್ನು ತನ್ನ ಕಡೆ ಎಳೆದಳು.

"ಅಲ್ಮಾ, ಬಾ ಇಲ್ಲಿ. ಕದ್ದು ಮಾಡೋದು ಸಾಕು. ನನ್ನ ಕಣ್ಣೆದುರಿಗೇ ಮಾಡು."

ಅಲ್ಮಾಳ ಮುಖ ಕೆಂಪಾಯಿತು. ನಿಮ್ಮನ್ನು ನೋಯಿಸಬೇಕೆಂದು ಮಾಡಿದ್ದಲ್ಲ, ಗೊತ್ತಾಗಬಾರದೆಂದೇ ಎಚ್ಚರ ವಹಿಸಿದ್ದೆ ಎಂದೇನೋ ತೊದಲಿದಳು.

"ಮೊದಲನೇ ಗುರುವಾರದಿಂದ್ಲೇ ಗೊತ್ತು ಕಣೇ. ನನ್ನ ಅಂಚು ನನಗೆ ಗೊತ್ತಾಗಲ್ವಾ? ನೀನು ನನ್ನ ಹಾಗೇ ಹೆಣೀತಿದ್ದೆ, ಅದಕ್ಕೆ ಬಾಯಿ ಮುಚ್ಕೊಂಡಿದ್ದೆ. ಹೋದ ವಾರ ನಿನ್ನ ಆ ಕಾರ್ನಿಷ್ ಬೇಲಿನ ತಂದು ನನ್ನ ತಟ್ಟೇಲಿ ಇಟ್ಯಲ್ಲ, ಅದನ್ನ ಹೇಗೆ ತಡ್ಕೊಳ್ಳಲಿ?"

ಹಾಗಾದರೆ ಬೇಸಿಗೆಯುದ್ದಕ್ಕೂ ಕೈ ಚುರುಕಾಗಿದೆ ಎಂದು ಅವಳು ಜಂಬ ಕೊಚ್ಚಿದ್ದು ನಮ್ಮನ್ನು ಆಡಿಸುವುದಕ್ಕೆ. ನಾನು ಬಾಗಿಲಿಗೆ ಅಡ್ಡ ನಿಂತದ್ದನ್ನು ನೆನೆದು ಕಿವಿ ಬಿಸಿಯಾಯಿತು. ಒಲೆ ನೋಡುವ ನೆಪದಲ್ಲಿ ಒಳಗೆ ಹೋದೆ.

ಅಲ್ಮಾ ಸ್ಟೂಲಿನ ಮೇಲೆ ಕೂತಳು. ಲೆಂಪಿ ಅಜ್ಜಿ ಅಂಚಿಗೆ ನೀರು ಸವರಿ ಕೊಡುವುದು, ಅಲ್ಮಾ ಬಲಗೈಯಲ್ಲಿ ಹೆಣೆಯುವುದು. ಒಂದು ಮಡಿಕೆ ಉಲ್ಟಾ ವಾಲಿದರೂ ಚಮಚದಿಂದ ಬೆರಳಿಗೆ ಏಟು. ಮೊದಲ ತಟ್ಟೆಯಲ್ಲಿ ಒಂದೂ ಬಾಯಿ ಬಿಡಲಿಲ್ಲ. ಹನ್ನೊಂದಕ್ಕೆ ಮಾರಾಟದ ಕಿಟಕಿ ತೆರೆದಾಗ ಮೊದಲು ನಿಂತಿದ್ದ ಮುದುಕ ಪೊಟ್ಟಣ ಬಿಚ್ಚಿ, ಹಿಂದೆ ಮುಂದೆ ತಿರುಗಿಸಿ ನೋಡಿ, ಇದು ಯಾರ ಕೈ, ಲೆಂಪಿಯದಾ ಎಂದು ಕೇಳಿದ.

"ಕೈ ಅಲ್ಮಾದು, ಬಾಯಿ ನನ್ನದು," ಎಂದಳು ಲೆಂಪಿ ಅಜ್ಜಿ ಕುರ್ಚಿಯಿಂದಲೇ.

"ಆ ಬಾಯಿಗೆ ಮಾತ್ರ ಇನ್ನೂ ವಯಸ್ಸಾಗಿಲ್ಲ ನೋಡಿ," ಎಂದಳು ಅಲ್ಮಾ.

"ಮಾತಾಡಿದ್ದು ಸಾಕು. ಆ ಮೂರನೇ ಮಡಿಕೆ ಬಿಗಿ ಮಾಡು."