ಮೂರನೇ ಭಾಗದ ಅಕ್ಕ

ಆ ಸಿನಿಮಾದ ಮೊದಲ ಭಾಗವನ್ನು ನಾನು ನೋಡಿದ್ದು ತುಮಕೂರಿನಲ್ಲಿ, ನನ್ನ ಅಕ್ಕನ ಪಕ್ಕ ಕೂತು. ನನಗಾಗ ಮದುವೆಯಾಗಿತ್ತು, ಅಮೆರಿಕಕ್ಕೆ ಹೊರಡಲು ಎರಡು ವಾರ ಉಳಿದಿತ್ತು. ಕಥೆ ಇಷ್ಟು: ತಲೆಮರೆಸಿಕೊಂಡಿದ್ದ ಕಾರ್ಮಿಕ ಮುಖಂಡನೊಬ್ಬನನ್ನು ಯಾರೋ ಹುಡುಕಿ ಕೊಲ್ಲುತ್ತಾರೆ. ಅವನ ಹದಿನಾರು ವರ್ಷದ ಮಗಳು ಹಿಟ್ಟಿನ ಗಿರಣಿ ನಡೆಸಿಕೊಂಡು ಪುಟ್ಟ ತಮ್ಮನನ್ನು ಸಾಕುತ್ತಾಳೆ. ತಮ್ಮ ದೊಡ್ಡವನಾಗಿ ಲೈನ್‌ಮ್ಯಾನ್ ಕೆಲಸಕ್ಕೆ ಸೇರುತ್ತಾನೆ, ಅಪ್ಪನನ್ನು ಕೊಂದವರ ಜಾಡು ಹಿಡಿದು ಹೊರಡುತ್ತಾನೆ. ಪೋಸ್ಟರಿನಲ್ಲಿ ತುಂಬಿಕೊಂಡಿದ್ದವನು ತಮ್ಮ. ಜನ ಮನಸ್ಸಿನಲ್ಲಿಟ್ಟುಕೊಂಡು ಮನೆಗೆ ಹೋದದ್ದು ಅಕ್ಕನನ್ನು. ಹುಬ್ಬಿನ ಮೇಲೂ ಹಿಟ್ಟು ಕೂತ, ಎಂಥ ಕಹಿಯನ್ನೂ ತಮ್ಮನ ಮುಖಕ್ಕೇ ಹೇಳುವ, ಒಂದೂ ಸುಳ್ಳಾಡದ ಹೆಂಗಸು ಅವಳು.

ನಮ್ಮಮ್ಮ ತೀರಿಕೊಂಡಾಗ ನನಗೆ ಒಂಬತ್ತು, ಅಕ್ಕನಿಗೆ ಹದಿನೇಳು. ನನಗೆ ಜಡೆ ಹಾಕಿದ್ದು, ಮೊದಲ ಸಲ ಮುಟ್ಟಾದಾಗ ಕೂರಿಸಿಕೊಂಡು ಎಲ್ಲ ತಿಳಿಸಿ ಹೇಳಿದ್ದು, ಇಂಜಿನಿಯರಿಂಗ್ ಓದಲೇಬೇಕೆಂದು ಅಪ್ಪನ ಜೊತೆ ಜಗಳ ಆಡಿದ್ದು ಎಲ್ಲ ಅವಳೇ. ಇಂಟರ್‌ವಲ್‌ನಲ್ಲಿ "ನೀನೇ ಕಣೆ ಅದು" ಅಂದೆ. ಅಕ್ಕ ನಕ್ಕು, "ಹಿಟ್ಟೊಂದು ಕಮ್ಮಿ" ಅಂದಳು.

ಆಮೇಲೆ ಕೋವಿಡ್ ಬಂತು. ಎರಡನೇ ಅಲೆಯ ಹೊತ್ತಿಗೆ ನಾನು ಜಾರ್ಜಿಯಾದ ಲಾರೆನ್ಸ್‌ವಿಲ್‌ನಲ್ಲಿ ಏಳು ತಿಂಗಳ ಬಸುರಿ. ಅಪ್ಪನಿಗೆ ಜ್ವರ ಎಂದು ಅಕ್ಕ ಹೇಳಿದಳು. ಮನೆಯಲ್ಲೇ ಔಷಧಿ ನಡೆಯುತ್ತಿದೆ, ಗಾಬರಿ ಬೇಡ ಎಂದಳು. ದಿನಾ ಬೆಳಿಗ್ಗೆ ನಾನು ವೀಡಿಯೋ ಕಾಲ್ ಮಾಡುತ್ತಿದ್ದೆ, ಅಲ್ಲಿ ಆಗಲೇ ಸಂಜೆ. "ಈಗ ತಾನೇ ಮಲಗಿದ್ರು, ಎಬ್ಬಿಸೋದು ಬೇಡ" ಎಂದು ಅಕ್ಕ ಬಾಗಿಲ ಹತ್ತಿರ ನಿಂತು ಫೋನು ತಿರುಗಿಸುತ್ತಿದ್ದಳು. ಮಬ್ಬು ಬೆಳಕಿನಲ್ಲಿ ಮಂಚ, ರಗ್ಗು, ರಗ್ಗಿನೊಳಗೆ ಗೋಡೆಯ ಕಡೆ ತಿರುಗಿ ಮಲಗಿದ ಅಪ್ಪ. ನಾನು ದನಿ ತಗ್ಗಿಸಿ, "ಮಲ್ಕೊಳ್ಳಿ ಅಪ್ಪ, ನಾಳೆ ಮಾತಾಡೋಣ" ಎನ್ನುತ್ತಿದ್ದೆ.

ಹೀಗೆ ಹನ್ನೊಂದು ದಿನ ನಡೆಯಿತು. ಹನ್ನೆರಡನೇ ದಿನ ಅಕ್ಕ ಮೊದಲು ನನ್ನ ಗಂಡನಿಗೆ ಫೋನ್ ಮಾಡಿ, ಅವನನ್ನು ನನ್ನ ಪಕ್ಕ ಕೂರಿಸಿ, ಆಮೇಲೆ ನನಗೆ ಹೇಳಿದಳು. ಅಪ್ಪ ಹೋಗಿ ಹನ್ನೊಂದು ದಿನವಾಗಿತ್ತು. ಕರ್ಮವೂ ಮುಗಿದಿತ್ತು.

"ಹಾಗಾದ್ರೆ ಮಂಚದ ಮೇಲೆ ಇದ್ದಿದ್ದು?" ಅಂದೆ.

"ದಿಂಬು ಕಣೆ" ಅಂದಳು ಅಕ್ಕ.

ವಿಮಾನ ಸಿಗುವುದೇ ಕಷ್ಟವಿತ್ತು. ಸಿಕ್ಕಿದ್ದರೂ ಆ ಸ್ಥಿತಿಯಲ್ಲಿ ನಾನು ಹೋಗುವಂತಿರಲಿಲ್ಲ. ಅಕ್ಕ ಮಾಡಿದ್ದೇ ಸರಿ ಎಂದು ಗಂಡ ಹೇಳಿದ, ಬಂಧುಗಳೆಲ್ಲ ಹೇಳಿದರು, ನನ್ನ ಡಾಕ್ಟರೂ ಹೇಳಿದರು. ನಾನೂ ಅದನ್ನೇ ಹೇಳಿದೆ: "ಪರವಾಗಿಲ್ಲ ಅಕ್ಕ. ನನಗೆ ಬೇಜಾರಿಲ್ಲ." ಎರಡು ತಿಂಗಳಿಗೆ ಮಗಳು ಹುಟ್ಟಿದಳು. ಅಕ್ಕನ ಜೊತೆ ಎಂದಿನಂತೆ ಮಾತಾಡುತ್ತಾ ಹೋದೆ. ಒಳಗೆ ಮಾತ್ರ, ನಾನು ಹನ್ನೊಂದು ದಿನ ದಿಂಬಿಗೆ ಅಪ್ಪಾ ಅಂದೆನಲ್ಲ ಎನ್ನುವುದು ಹಾಗೇ ಉಳಿದುಕೊಂಡಿತ್ತು.

ಮಗಳಿಗೆ ಒಂದು ವರ್ಷ ದಾಟಿದ ಮೇಲೆ ಎರಡನೇ ಭಾಗ ಬಂತು. ಅಟ್ಲಾಂಟಾ ಸುತ್ತಮುತ್ತಲಿನ ಕನ್ನಡದವರೆಲ್ಲ ಸೇರಿ ಶನಿವಾರ ಮಧ್ಯಾಹ್ನದ ಒಂದು ಶೋ ಪೂರ್ತಿ ಹಿಡಿದಿದ್ದರು. ಶಾರ್ಲೆಟ್‌ನಿಂದ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಬಂದ ಅಂಕಲ್ ಒಬ್ಬರು ಚೀಲದ ತುಂಬ ಚೂರು ಕಾಗದ ತಂದಿದ್ದರು. ಶೋ ಮುಗಿದ ಮೇಲೆ ನೀವೇ ಗುಡಿಸಬೇಕು ಎಂಬ ಷರತ್ತಿನ ಮೇಲೆ ಮ್ಯಾನೇಜರ್ ಒಪ್ಪಿದ್ದ. ಅರವತ್ತು ದಾಟಿದ ಆ ಅಂಕಲ್ ಆಮೇಲೆ ನಿಜಕ್ಕೂ ಪೊರಕೆ ಹಿಡಿದು ಗುಡಿಸಿದರು.

ಆ ಭಾಗದಲ್ಲಿ ತಮ್ಮನ ಮೇಲಿನ ಆರೋಪ ಅಕ್ಕನ ಮೇಲೆ ಬರುತ್ತದೆ. ಕೋರ್ಟಿನಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದರೆ ಅವಳು ಮನೆಗೆ ಹೋಗುತ್ತಿದ್ದಳು. ಹೇಳುವುದಿಲ್ಲ. ಜೈಲಿಗೆ ಹೋಗುತ್ತಾಳೆ. ಸುತ್ತ ಎಲ್ಲರೂ ಶಿಳ್ಳೆ ಹಾಕುತ್ತಿದ್ದಾಗ ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಪಕ್ಕದ ಸೀಟಿನ ಹೆಂಗಸು ಪಾಪ್‌ಕಾರ್ನ್ ಜೊತೆ ಬಂದಿದ್ದ ನ್ಯಾಪ್ಕಿನ್‌ಗಳನ್ನು ಒಂದೊಂದಾಗಿ ನನ್ನ ಕೈಗೆ ಕೊಟ್ಟಳು. ಏನೂ ಕೇಳಲಿಲ್ಲ. ಹೊರಗೆ ಪಾರ್ಕಿಂಗ್‌ನಲ್ಲಿ, "ಈ ಕಣ್ಣಲ್ಲಿ ಡ್ರೈವ್ ಮಾಡ್ಬೇಡಿ, ಸ್ವಲ್ಪ ಹೊತ್ತು ಕೂತಿರಿ" ಎಂದು ತನ್ನ ಕಾರಿನ ಬಾಗಿಲು ತೆಗೆದಳು. ಆ ಕಾರಿನಲ್ಲಿ ಕೂತು ಅಪ್ಪನ ವಿಷಯ, ಅಕ್ಕನ ವಿಷಯ, ದಿಂಬಿನ ವಿಷಯ, ಇನ್ನೂ ಕ್ಷಮಿಸಲಾಗಿಲ್ಲ ಎನ್ನುವ ವಿಷಯ, ಎಲ್ಲವನ್ನೂ ಹೇಳಿಬಿಟ್ಟೆ. ಆ ಕೊನೆಯದನ್ನು ಗಂಡನಿಗೂ ಹೇಳಿರಲಿಲ್ಲ. ಅವಳು ಮೈಸೂರಿನವಳು, ಆಲ್ಫರೆಟಾದಲ್ಲಿ ಮನೆ, ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಒಂದೇ ತಿಂಗಳಲ್ಲಿ ನೀವು ಹೋಗಿ ನೀನು ಆಯಿತು. ಅಮೆರಿಕದಲ್ಲಿ ನನಗೆ ಸಿಕ್ಕ ಮೊದಲ ಗೆಳತಿ ಅವಳು ಎಂದರೆ ತಪ್ಪಲ್ಲ.

ಮೂರನೇ ಭಾಗಕ್ಕೆ ನಾವು ಕಾದ ರೀತಿ ನೆನೆದರೆ ಈಗ ನಾಚಿಕೆಯಾಗುತ್ತದೆ. ವಾಟ್ಸಾಪ್ ಗುಂಪು ಇತ್ತು. ಟ್ರೇಲರಿನ ಒಂದೊಂದು ಚಿತ್ರವನ್ನೂ ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದೆವು. ಜೈಲಿನಿಂದ ಬರುವ ಅಕ್ಕನಿಗೆ ನರೆತ ಕೂದಲು ಇರುತ್ತದೋ ಇಲ್ಲವೋ ಎಂದು ಗೆಳತಿಯೂ ನಾನೂ ಆಫೀಸಿನ ಲಂಚ್ ಹೊತ್ತಿನಲ್ಲಿ ಫೋನಿನಲ್ಲಿ ವಾದ ಮಾಡಿದ್ದಿದೆ.

ಕೊನೆಗೂ ಸಿನಿಮಾ ಬಂತು. ಅಂಕಲ್ ಮತ್ತೆ ಕಾಗದದ ಚೀಲ ಹೊತ್ತು ತಂದರು. ಇಂಟರ್‌ವಲ್ ಆಗಿ ಅರ್ಧ ಗಂಟೆಗೆ, ಜೈಲಿನಿಂದ ಬಿಡುಗಡೆಯಾದ ಅಕ್ಕ ಗಿರಣಿಯ ಮೆಟ್ಟಿಲ ಮೇಲೆ ಕೂತು ತಮ್ಮನಿಗೆ ಹೇಳುತ್ತಾಳೆ: ಅಪ್ಪ ಅಡಗಿದ್ದ ಜಾಗವನ್ನು ಕೊಲೆಗಾರರಿಗೆ ತೋರಿಸಿದ್ದು ನಾನೇ. ತೋರಿಸದಿದ್ದರೆ ನಿನ್ನನ್ನು ಬಾವಿಗೆ ಹಾಕುತ್ತಿದ್ದರು.

ಮುಂದಿನ ಸಾಲಿನಲ್ಲಿ ಯಾರೋ ಎದ್ದು ಹೊರಟೇಹೋದರು. ಗೆಳತಿಯ ಕಡೆ ತಿರುಗಿದೆ. ಅವಳು ಕಣ್ಣೊರೆಸಿಕೊಂಡು, "ಎಂಥಾ ಸೀನ್ ಕಣೆ!" ಅಂದಳು.

ಮಾರನೇ ದಿನ, ಭಾನುವಾರ, ಗೆಳತಿಯ ಮನೆಯಲ್ಲಿ ಊಟ. ಹದಿನೈದು ಜನ ಇದ್ದೆವು. ಬಿಸಿಬೇಳೆಬಾತ್ ತಟ್ಟೆಗೆ ಬೀಳುವ ಮೊದಲೇ ಜಗಳ ಶುರುವಾಯಿತು. ಇದು ಇಲ್ಲಿಯವರೆಗಿನ ಕನ್ನಡ ಸಿನಿಮಾಗಳಲ್ಲೇ ಅತ್ಯಂತ ಧೈರ್ಯದ ಕೆಲಸ ಎಂದು ಕೆಲವರು. ಡೈರೆಕ್ಟರಿಗೆ ತಲೆ ಕೆಟ್ಟಿದೆ ಎಂದು ಕೆಲವರು. ಇನ್ಮೇಲೆ ಮೊದಲೆರಡು ಭಾಗವನ್ನೂ ನೋಡಲಾರೆ ಎಂದವನೊಬ್ಬ ಪಾಪ ನಿಜವಾಗಿಯೂ ಕಣ್ಣಲ್ಲಿ ನೀರು ತಂದುಕೊಂಡಿದ್ದ. ರಾತ್ರಿ ಇಲ್ಲೇ ಉಳಿದುಕೊಂಡಿದ್ದ ಶಾರ್ಲೆಟ್ ಅಂಕಲ್‌ಗೆ ಇದು ಬಹಳ ಖುಷಿ. "ಅಕ್ಕ ಸರೀನೋ ತಪ್ಪೋ, ಒಬ್ಬೊಬ್ರೇ ಹೇಳಿ" ಎಂದು ಫೋನು ಹಿಡಿದು ಎಲ್ಲರ ಮುಂದೆ ಓಡಾಡುತ್ತಿದ್ದರು. ಅಭಿಮಾನಿಗಳ ಪೇಜಿಗೆ ಅದು ಆಗಲೇ ಲೈವ್ ಹೋಗುತ್ತಿದೆ ಎನ್ನುವುದು ನನಗೆ ತಿಳಿದಿರಲಿಲ್ಲ.

ನನ್ನ ಸರದಿ ಬಂದಾಗ ನಾನು ಜೋರಾಗಿಯೇ ಹೇಳಿದೆ. "ಎರಡು ಭಾಗ ಅವಳನ್ನ ನಂಬಿ ಅಂತ ನಮಗೆ ಹೇಳಿದ್ರು. ನಂಬಿದ್ವಿ. ಈಗ ಅವಳೇ ದೊಡ್ಡ ಸುಳ್ಳಿ ಅಂದ್ರೆ ಅದು ಟ್ವಿಸ್ಟ್ ಅಲ್ಲ, ಮೋಸ. ತಮ್ಮನಿಗೆ ಮೊದಲ ದಿನವೇ ಹೇಳ್ಬೇಕಿತ್ತು."

"ಐದು ವರ್ಷದ ಮಗುಗಾ?" ಅಂದಳು ಗೆಳತಿ. ಕೈಯಲ್ಲಿ ಸೌಟು ಹಿಡಿದಿದ್ದಳು. "ಹೇಳಿದ್ರೆ ಅವನು ಬದುಕ್ತಿದ್ನಾ? ಕಾಪಾಡೋಕೆ ಹೇಳಿದ ಸುಳ್ಳು ಅದು."

"ಕಾಪಾಡೋಕೆ ಅಂತ ಹೇಳಿದೋಳು ಅಂದ್ಕೊಂಡ್ರೆ ಸಾಕಾ? ಅವನನ್ನ ಯಾರಾದ್ರೂ ಕೇಳಿದ್ರಾ?"

"ನೀನು ಸಿನಿಮಾ ಬಗ್ಗೆ ಮಾತಾಡ್ತಾನೇ ಇಲ್ಲ" ಅಂದಳು ಅವಳು. ಆಮೇಲೆ ನನ್ನನ್ನು ಬಿಟ್ಟು ಉಳಿದವರ ಕಡೆ ತಿರುಗಿದಳು. "ಇವಳ ಕೋಪ ಆ ಅಕ್ಕನ ಮೇಲಲ್ಲ, ಇವಳಕ್ಕನ ಮೇಲೆ. ಇವರಪ್ಪ ಕೋವಿಡ್‌ನಲ್ಲಿ ಹೋದಾಗ ಇವಳು ಪ್ರೆಗ್ನೆಂಟ್ ಅಂತ ಅಕ್ಕ ಹನ್ನೊಂದು ದಿನ ಮುಚ್ಚಿಟ್ರು. ಹಾಸಿಗೆ ಮೇಲೆ ದಿಂಬಿಟ್ಟು ವೀಡಿಯೋದಲ್ಲಿ ತೋರ್ಸಿದ್ರು, ಪಾಪ. ಇವಳು ಇನ್ನೂ ಕ್ಷಮಿಸಿಲ್ಲ. ಅದಕ್ಕೇ ಈ ಸಿನಿಮಾ ಇವಳಿಗೆ ಅರ್ಥ ಆಗ್ತಿಲ್ಲ."

ಯಾರೋ ಒಬ್ಬರು "ಅಯ್ಯೋ" ಎಂದರು. ಅಂಕಲ್ ಫೋನನ್ನು ಮೆಲ್ಲಗೆ ಕೆಳಗಿಳಿಸಿದರು. ನನ್ನ ತಟ್ಟೆಯನ್ನು ಎಲ್ಲಿಡಬೇಕೆಂದು ತಿಳಿಯದೆ ನಾನು ಅದನ್ನು ಹಿಡಿದುಕೊಂಡೇ ಬಾಗಿಲವರೆಗೆ ಹೋಗಿದ್ದೆ. ಗಂಡ ಬಂದು ಕೈಯಿಂದ ಇಸಿದುಕೊಂಡ. ಕಾರಿನಲ್ಲಿ ಅವನು ಕೇಳಿದ್ದು ಒಂದೇ ಮಾತು: "ನನಗ್ಯಾಕೆ ಹೇಳಿರ್ಲಿಲ್ಲ?" ಹಿಂದಿನ ಸೀಟಿನಿಂದ ಮಗಳು, "ಅಮ್ಮ, ಯಾಕೆ ಸ್ಯಾಡ್?" ಅಂದಳು.

ಅದೆಲ್ಲ ಲೈವ್ ಹೋಗಿದೆ ಎಂದು ಗುಂಪಿನಿಂದ ಗೊತ್ತಾಗಿ ಗಂಡ ಅಂಕಲ್‌ಗೆ ಫೋನ್ ಮಾಡಿದ. ಅವರು ಹತ್ತು ಸಲ ಸಾರಿ ಕೇಳಿ ಪೇಜಿನಿಂದ ವೀಡಿಯೋ ತೆಗೆಸಿಹಾಕಿದರು. ಆದರೆ ಅಷ್ಟರಲ್ಲಿ ಮೂರು ಗಂಟೆ ಕಳೆದಿತ್ತು. ತುಮಕೂರಿನ ನನ್ನ ಅಕ್ಕ ಆ ಸಿನಿಮಾಗೆ ನನಗಿಂತ ದೊಡ್ಡ ಅಭಿಮಾನಿ. ಆ ಪೇಜನ್ನು ಅವಳಿಗೆ ತೋರಿಸಿಕೊಟ್ಟವಳೂ ನಾನೇ.

ಎರಡು ದಿನ ಬಿಟ್ಟು, ಮಗಳನ್ನು ಪ್ರೀಸ್ಕೂಲಿನಲ್ಲಿ ಇಳಿಸಿ ಕಾರು ತಿರುಗಿಸುತ್ತಿದ್ದಾಗ ಅಕ್ಕನ ಫೋನ್ ಬಂತು. ಪಕ್ಕಕ್ಕೆ ನಿಲ್ಲಿಸಿದೆ.

"ಆ ವೀಡಿಯೋ ನೋಡ್ದೆ" ಅಂದಳು.

ನಾನು ಇಂಜಿನ್ ಆರಿಸಿದೆ.

"ಬೇಜಾರಿಲ್ಲ ಅಂತ ಹೇಳಿದ್ಯಲ್ಲ ನನ್ಹತ್ರ?"

"ಹೇಳಿದ್ದೆ."

"ಇಷ್ಟು ವರ್ಷ ದಿನಾ ಮಾತಾಡಿದ್ಯಲ್ಲೇ. ನಕ್ಕೊಂಡು, ಅಡಿಗೆ ಕೇಳ್ಕೊಂಡು. ಯಾರೋ ದಾರೀಲಿ ಸಿಕ್ಕಿದೋಳ ಹತ್ರ ಹೇಳಿದ್ದನ್ನ ನನಗ್ಯಾಕೆ ಹೇಳ್ಲಿಲ್ಲ? ನಾನು ದಿಂಬಿಟ್ಟಿದ್ದು ಹನ್ನೊಂದು ದಿನ. ನೀನು ಇಟ್ಟಿದ್ದು ಎಷ್ಟು ದಿನ ಅಂತ ನೋಡ್ಕೋ."

"ನಿಂಗೆ ನೋವಾಗುತ್ತೆ ಅಂತ ಅಕ್ಕ..." ಎಂದು ಶುರು ಮಾಡಿದವಳು ಅಲ್ಲಿಗೇ ನಿಲ್ಲಿಸಿದೆ. ಅವಳೂ ಅದೇ ಮಾತನ್ನು ಹೇಳಿದ್ದಳು, ಆ ಹನ್ನೆರಡನೇ ದಿನ.

"ಹೇಳಿದ್ರೆ ನೀನು ಏನ್ ಮಾಡ್ತಿದ್ದೆ ಹೇಳು" ಅಂದಳು ಅಕ್ಕ. "ಒಬ್ಳೇ ಇದ್ದೆ ಕಣೆ ನಾನು. ಅಪ್ಪನ್ನ ಕಳ್ಸಿ ಬಂದು, ಸ್ನಾನ ಮಾಡಿ, ನಿನ್ನ ಕಾಲ್ ಬರೋ ಟೈಮಾಯ್ತು ಅಂತ ರಗ್ಗು ಸರಿಮಾಡ್ತಿದ್ದೆ. ಏನ್ ಮಾಡ್ತಿದ್ದೆ ನೀನು?"

"ಅಳ್ತಿದ್ದೆ" ಅಂದೆ. "ಅಷ್ಟೇ. ಎಲ್ರೂ ಅತ್ತಾಗ ನಾನೂ ಅಳ್ತಿದ್ದೆ. ಅದಾದ್ರೂ ನನ್ನ ಪಾಲಿಗೆ ಇರ್ತಿತ್ತು."

ಅಕ್ಕ ಫೋನಿಟ್ಟಳು. ಐದು ವಾರ ನಾವು ಮಾತಾಡಲಿಲ್ಲ. ಅವಳು ನನ್ನ ಜೊತೆ ಮಾತಿಲ್ಲದೆ ಅಷ್ಟು ದಿನ ಇದ್ದದ್ದು ಜೀವನದಲ್ಲಿ ಅದೇ ಮೊದಲು.

ಆ ನಡುವೆ ಗೆಳತಿ ಮನೆಗೆ ಬಂದಳು. ಒಳಗೆ ಕರೆದೆ, ಕಾಫಿ ಕೊಟ್ಟೆ. ಅವಳಿಗೆ ನಿದ್ದೆ ಬರುತ್ತಿಲ್ಲವಂತೆ. "ಲೈವ್ ಹೋಗ್ತಿದೆ ಅಂತ ಪ್ರಾಮಿಸ್ ಗೊತ್ತಿರ್ಲಿಲ್ಲ ಕಣೆ. ಎಲ್ರೂ ನಿನ್ನ ಮೇಲೆ ಬೀಳ್ತಿದ್ರು. ನೀನ್ಯಾಕೆ ಹಾಗೆ ಮಾತಾಡ್ತೀಯ ಅಂತ ಅವರಿಗೆ ಅರ್ಥ ಆಗ್ಲಿ ಅಂತ, ನಿನ್ನ ಪರವಾಗೇ ಹೇಳ್ದೆ."

"ನನ್ನ ಪರವಾಗಿ ಮಾತಾಡೋಕೆ ನಾನೇ ಅಲ್ಲಿದ್ದೆ" ಅಂದೆ.

"ಆರ್ಗ್ಯುಮೆಂಟ್ ಗೆಲ್ಬೇಕಿತ್ತು ನಂಗೆ" ಅಂದಳು ಕೊನೆಗೆ, ಲೋಟ ನೋಡುತ್ತಾ. "ಅದು ನಿಜ."

ಆ ಒಂದು ಮಾತಿಗೆ ನಾನು ಅವಳನ್ನು ಗೌರವಿಸುತ್ತೇನೆ. ಈಗಲೂ ಸಿಗುತ್ತೇವೆ, ಇಂಡಿಯನ್ ಸ್ಟೋರಿನಲ್ಲಿ, ಯುಗಾದಿ ಕಾರ್ಯಕ್ರಮದಲ್ಲಿ. ಮಕ್ಕಳ ಸ್ಕೂಲು, ಆಫೀಸಿನ ಲೇಆಫ್, ಟ್ರಾಫಿಕ್ ಎಲ್ಲ ಮಾತಾಡುತ್ತೇವೆ. ಅವಳ ಕಾರಿನಲ್ಲಿ ಮಾತ್ರ ನಾನು ಮತ್ತೆ ಕೂತಿಲ್ಲ. ಗುಂಪು ಎರಡಾಗಿ ಒಡೆಯಿತು, ಮೂರನೇ ಭಾಗ ಮೆಚ್ಚಿದವರದ್ದೊಂದು, ಮೆಚ್ಚದವರದ್ದೊಂದು. ಎರಡರಲ್ಲೂ ನಾನಿಲ್ಲ.

ಮಗಳ ಹುಟ್ಟುಹಬ್ಬಕ್ಕೆ ಅಕ್ಕ ಫೋನ್ ಮಾಡಿದಳು. ಹಳೆಯದನ್ನು ಇಬ್ಬರೂ ಎತ್ತಲಿಲ್ಲ. ಆದರೆ ಅಲ್ಲಿಂದಾಚೆ ಅವಳು ನನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ. ಎದುರುಮನೆ ಅಜ್ಜಿ ತೀರಿಕೊಂಡರೆ ಹತ್ತು ನಿಮಿಷದಲ್ಲಿ ನನಗೆ ಮೆಸೇಜು. ಸೋದರಮಾವನ ಕಿಡ್ನಿ ಕೆಟ್ಟರೆ ಅದು. ತನ್ನ ಶುಗರ್ ಏರಿದರೆ ಅದು. ನಾನು ಮೀಟಿಂಗಿನಲ್ಲಿದ್ದರೂ, ಅಡುಗೆ ಮಾಡುತ್ತಿದ್ದರೂ ಬರುತ್ತದೆ. ಯಾಕೆ ಅಕ್ಕ ಈಗಲೇ ಎಂದು ಒಮ್ಮೆ ಕೇಳಿಬಿಟ್ಟೆ. "ಹೇಳ್ಬೇಕಲ್ಲ, ಅದಕ್ಕೆ ಹೇಳ್ದೆ" ಅಂದಳು. ಅದರಲ್ಲಿ ಮೊನಚಿತ್ತೋ ಇಲ್ಲವೋ ಗೊತ್ತಾಗಲಿಲ್ಲ.

ಕಳೆದ ಚಳಿಗಾಲದಲ್ಲಿ ಒಂದು ಸೋಮವಾರ ಹೇಳಿದಳು: "ಎದೇಲಿ ಗಂಟಿತ್ತು. ಇವತ್ತು ಬಯಾಪ್ಸಿ ಮಾಡಿದ್ರು. ರಿಪೋರ್ಟ್ ಶುಕ್ರವಾರ."

ಆ ನಾಲ್ಕು ದಿನ ನಾನು ಊಟ ಮಾಡಿದ್ದು ನೆನಪಿಲ್ಲ. ಆಫೀಸಿನಲ್ಲಿ ಸ್ಕ್ರೀನ್ ನೋಡುತ್ತಾ ಕೂತಿರುತ್ತಿದ್ದೆ. ಎಲ್ಲೂ ಓಡಲಾರದಷ್ಟು ದೂರದಲ್ಲಿದ್ದುಕೊಂಡು ಒಂದು ವಿಷಯವನ್ನು ತಿಳಿದಿರುವುದು ಎಂದರೆ ಏನೆಂದು ಆಗ ಗೊತ್ತಾಯಿತು. ಅಕ್ಕ ನನ್ನನ್ನು ಯಾವುದರಿಂದ ದೂರ ಇಟ್ಟಿದ್ದಳು ಎಂದೂ ಗೊತ್ತಾಯಿತು. ಹಾಗೆಂದು ಹಳೆಯ ನೋವು ಕರಗಿತೆಂದಲ್ಲ. ಅದೂ ಇತ್ತು, ಇದೂ ಇತ್ತು.

ಶುಕ್ರವಾರ ಬೆಳಿಗ್ಗೆ ಅವಳು ಕಾಲ್ ಮಾಡಿದಳು. ನಗುತ್ತಿದ್ದಳು. "ಏನೂ ಇಲ್ವಂತೆ ಕಣೆ. ಬರೀ ಕೊಬ್ಬಿನ ಗಂಟಂತೆ."

ನನ್ನ ಬಾಯಿಂದ ಬಂದದ್ದು ಸದ್ಯ ಎಂಬ ಮಾತಲ್ಲ. "ರಿಪೋರ್ಟಿಂದು ಒಂದು ಫೋಟೋ ಕಳ್ಸು ಅಕ್ಕ" ಅಂದೆ.

ಆ ಕಡೆ ನಗು ನಿಂತಿತು. ಆಮೇಲೆ "ಆಯ್ತು" ಅಂದಳು, ತಣ್ಣಗೆ, ಕೋಪವಿಲ್ಲದೆ.

ಫೋಟೋ ಬಂತು. ನಾನು ಅದನ್ನು ಬೆರಳಲ್ಲಿ ದೊಡ್ಡದು ಮಾಡಿ, ಮೇಲಿದ್ದ ಅವಳ ಹೆಸರು, ವಯಸ್ಸು, ದಿನಾಂಕ, ಕೆಳಗಿನ ಸಹಿ, ಒಂದನ್ನೂ ಬಿಡದೆ ಓದಿದೆ.