ಸುದ್ದಗುಂಟೆಪಾಳ್ಯದ ಗಾಳಿಗೆ ಸೋತ ಮಸಾಲೆದೋಸೆ

ಗೆಳೆಯರೇ, ಇವತ್ತು ಸುದ್ದಗುಂಟೆಪಾಳ್ಯದ ರಾಗಿ ಕಣದಲ್ಲಿ ನಮ್ಮ ಜಯನಗರದ ತಂಡ ಬಾಲ್ ಬ್ಯಾಡ್ಮಿಂಟನ್ ಪಂದ್ಯ ಸೋತಿತು. ಬಾಜಿ ಕಟ್ಟಿದ್ದ ಮಸಾಲೆದೋಸೆಯೂ ಹೋಯಿತು.

ಗಾಳಿ ಬೆನ್ನಿಗಿರುವ ಕಡೆಯನ್ನೇ ನಾವು ಆರಿಸಿಕೊಂಡಿದ್ದೆವು. ಪಾಳ್ಯದ ತಂಡದ ನಾಯಕ, ರೈತ ಮುನಿಯಪ್ಪ, ನಕ್ಕು ಬಿಟ್ಟುಕೊಟ್ಟ. ಆಟದ ನಡುವೆ ತಲೆಯೆತ್ತಿ, “ಈಗ ತಿರುಗ್ತದೆ ನೋಡಿ ಸಾರ್” ಅಂದ. ಅಂದ ಗಳಿಗೆಯಲ್ಲೇ ಗಾಳಿ ತಿರುಗಿ, ನಾವು ಹೊಡೆದ ಉಣ್ಣೆಯ ಚೆಂಡು ನಮ್ಮ ಮುಖಕ್ಕೇ ವಾಪಸು ಬಂತು! ಆಟ ಮುಗಿದ ಮೇಲೆ ನಾನು ಅವನನ್ನೇ ಕೇಳಿದೆ:

“ಹೆಂಗ್ರೀ ಗೊತ್ತಾಯ್ತು?”

“ಚಿಕ್ಕಂದಿನಿಂದ ಇಲ್ಲೇ ಗಾಳಿ ಕಾದು ರಾಗಿ ತೂರಿದೀನಲ್ಲ ಸಾರ್.”

“ಮುಂದಿನ ವಾರ ಜಯನಗರದ ನಮ್ಮ ಮೈದಾನಕ್ಕೆ ಬನ್ನಿ, ನೋಡೇಬಿಡೋಣ!”

“ಬರ್ತೀನಿ. ಲೇಔಟ್ ಆಗೋಕೆ ಮುಂಚೆ ಅದೂ ನಮ್ಮಪ್ಪನ ಕಣಾನೇ ಸಾರ್.”

ಮುನಿಯಪ್ಪನ ತಂಡಕ್ಕೆ ಮುಂದಿನ ವಾರದ ದೋಸೆಗೂ ಹೋಟೆಲಿನಲ್ಲಿ ಈಗಲೇ ಹೇಳಿಟ್ಟು ಬಂದಿದ್ದೇನೆ.